ತಾರಸಿಯ ಗಂಟಲು

ಮಳೆ ನಿಂತು ಅರ್ಧ ಗಂಟೆಯಾಗಿತ್ತು. ಗಲ್ಲಿಯ ತುದಿಯಲ್ಲಿ ಮಿರ್ಚಿ ಬಜ್ಜಿಯವನು ಮತ್ತೆ ಒಲೆ ಹೊತ್ತಿಸಿದ್ದ. ನಮ್ಮ ಮನೆಯ ಹಿಂಬದಿಯಲ್ಲಿ ಮಾತ್ರ ಯಾರೋ ಕೂತು ಹುಕ್ಕಾ ಸೇದುತ್ತಿರುವಂತೆ ಗುಳುಗುಳು ಸದ್ದು ನಡೆದೇ ಇತ್ತು. ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಮನೆಗಳು ಒಂದರ ಭುಜಕ್ಕೊಂದು ಒರಗಿಕೊಂಡಿರುತ್ತವೆ. ಪಕ್ಕದ ಮನೆಯ ಕುಕ್ಕರ್ ಎಷ್ಟು ಸೀಟಿ ಹಾಕಿತೆಂದು ನಾವೂ ಎಣಿಸಬಹುದು. ಹಾಗಾಗಿ ಸದ್ದು ಅವರದೇ ಇರಬೇಕೆಂದು ಸುಮ್ಮನಿದ್ದೆವು. ಆಮೇಲೆ ನೋಡಿದರೆ ಅದು ನಮ್ಮದೇ ತಾರಸಿಯ ನೀರಿಳಿಸುವ ಪೈಪು. ಮೊದಲ ಮಹಡಿಯ ಮಟ್ಟದಲ್ಲಿ ಅದರ ಜಾಯಿಂಟು ಜಿನುಗಿ, ಗೋಡೆಯ ಮೇಲೆ ಹಸಿರು ಪಾಚಿಯ ಉದ್ದನೆಯ ನಾಲಿಗೆಯೊಂದು ಇಳಿದಿತ್ತು.

ಪ್ಲಂಬರ್ ಬಂದ, ಎಂ-ಸೀಲ್ ಮೆತ್ತಿ ಹೋದ. ಮುಂದಿನ ಮಳೆಗೆ ಮತ್ತೆ ಜಿನುಗಿತು. ಮತ್ತೆ ಬಂದು ಇನ್ನೂ ದಪ್ಪಗೆ ಮೆತ್ತಿದ. ಮೂರನೆಯ ಸಲವೂ ಮೆತ್ತಿ, ಇನ್ನೂ ಸೋರಿದರೆ ಪೈಪನ್ನೇ ಪೂರ್ತಿ ಬದಲಿಸಬೇಕು ಸಾರ್ ಎಂದು ಹೇಳಿ ಹೋದ. ಹುಕ್ಕಾದ ಸದ್ದನ್ನು ಅವನೂ ಕೇಳಿಸಿಕೊಂಡಿರಲಿಲ್ಲ, ನಾವೂ ಹೇಳಿರಲಿಲ್ಲ. ಎಲ್ಲ ಸುಳಿವೂ ಆ ಸದ್ದಿನಲ್ಲೇ ಇತ್ತು.

ಹುಕ್ಕಾ ಯಾಕೆ ಸದ್ದು ಮಾಡುತ್ತದೆ? ನೀರಿನೊಳಗಿಂದ ಗಾಳಿ ಗುಳ್ಳೆಯಾಗಿ ಮೇಲೇಳುವುದರಿಂದ. ಮಳೆನೀರಿನ ಪೈಪು ಗುಳುಗುಡುವುದೂ ಅದೇ ಕಾರಣಕ್ಕೆ. ಆದರೆ ಆ ಪೈಪಿನಲ್ಲಿ ಗಾಳಿ ನೀರಿನ ಮೂಲಕ ನುಗ್ಗಬೇಕಾದ ಪರಿಸ್ಥಿತಿ ಬರಲೇಬಾರದು. ಯಾಕೆಂದು ತಿಳಿಯಲು ಪೈಪಿನ ಒಳಗೆ ಒಮ್ಮೆ ಇಳಿದು ನೋಡಬೇಕು.

ಮೊದಲು ಅದರೊಳಗೆ ಎಷ್ಟು ನೀರು ಬರುತ್ತದೆಂಬ ಲೆಕ್ಕ. ನಮ್ಮ ಕಡೆ ನಿವೇಶನದ ಅಳತೆ ಇನ್ನೂ ಗಜದಲ್ಲೇ. 120 ಗಜವೆಂದರೆ ಸರಿಸುಮಾರು 100 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹಾಗಾಗಿ 120 ಗಜದ ತಾರಸಿಗೆ ಪ್ರತಿ ಮಿಲಿಮೀಟರ್ ಮಳೆಯೂ ನೂರು ಲೀಟರ್ ತರುತ್ತದೆ. ಹೈದರಾಬಾದಿನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ, ಅಂದರೆ ಎಂಬತ್ತು ಸಾವಿರ ಲೀಟರ್, 5,000 ಲೀಟರಿನ ಹದಿನಾರು ಟ್ಯಾಂಕರು. ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನು ಮಾಡಿ ಕಾಯುವವರು ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಬಹುದು. ಪೈಪಿಗೆ ಮಾತ್ರ ವರ್ಷದ ಲೆಕ್ಕ ಬೇಡ, ಅದಕ್ಕೆ ಬೇಕಾದದ್ದು ಜೋರು ಮಳೆಯ ಹತ್ತು ನಿಮಿಷದ ಲೆಕ್ಕ. ಗಂಟೆಗೆ 100 ಮಿ.ಮೀ. ವೇಗದಲ್ಲಿ ಸುರಿದರೆ ತಾರಸಿಯಿಂದ ಪ್ರತಿ ಸೆಕೆಂಡಿಗೆ 2.8 ಲೀಟರ್ ಹೊರಡಬೇಕು. ದೊಡ್ಡ ನೀರಿನ ಬಾಟಲಿ ಮೂರನ್ನು ಒಂದೇ ಸೆಕೆಂಡಿನಲ್ಲಿ ಬರಿದು ಮಾಡಿದ ಹಾಗೆ.

ಇಷ್ಟು ನೀರು ಇಳಿಯುವಾಗ ನಾಲ್ಕಿಂಚಿನ ಪೈಪು ತುಂಬಿ ಹರಿಯುತ್ತದೆಂದು ಯಾರಾದರೂ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ನೆಟ್ಟಗೆ ನಿಂತ ಪೈಪಿನಲ್ಲಿ ನೀರು ಗೋಡೆಗೆ ಅಂಟಿಕೊಂಡು, ಬಳೆಯಾಕಾರದ ತೆಳು ಪದರವಾಗಿ ಇಳಿಯುತ್ತದೆ. ನಡುವೆ ಉದ್ದಕ್ಕೂ ಗಾಳಿಯ ಕಂಬ. 1961ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ವೈಲಿ ಮತ್ತು ಈಟನ್ ಈ ಹರಿವಿನ ಬಗ್ಗೆ ಪ್ರಕಟಿಸಿದ ಲೆಕ್ಕಾಚಾರವನ್ನು ಪ್ಲಂಬಿಂಗ್ ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. ಅದರ ಪ್ರಕಾರ, ಬೀಳುವ ನೀರು ಒಂದೆರಡು ಮೀಟರು ಇಳಿಯುವಷ್ಟರಲ್ಲೇ ತನ್ನ ಗರಿಷ್ಠ ವೇಗ ಮುಟ್ಟಿಬಿಡುತ್ತದೆ. ಅಲ್ಲಿಂದ ಮುಂದೆ ಗುರುತ್ವ ಎಳೆದಷ್ಟನ್ನೂ ಪೈಪಿನ ಗೋಡೆಯ ಘರ್ಷಣೆ ಹಿಡಿದಿಡುತ್ತದೆ. ನಮ್ಮ ಲೆಕ್ಕದ ಮಳೆಗೆ ಆ ವೇಗ ಸೆಕೆಂಡಿಗೆ ಎರಡೂವರೆ ಮೀಟರಿನ ಆಸುಪಾಸು, ಬೆಳಗ್ಗೆ ಪಾರ್ಕಿನಲ್ಲಿ ನಿಧಾನವಾಗಿ ಓಡುವವರ ವೇಗ. ಇಪ್ಪತ್ತನೆಯ ಮಹಡಿಯಿಂದ ಬರುವ ನೀರು ಕೆಳಗಿನ ಬೆಂಡನ್ನು ಒಡೆದೇ ಹಾಕುತ್ತದೆಂಬ ಭಯ ಹಾಗಾಗಿ ಬರೀ ಭಯ. ಈ ವೇಗದಲ್ಲಿ 2.8 ಲೀಟರ್ ನೀರಿಗೆ ಬೇಕಾಗುವುದು ಪೈಪಿನ ಒಳಗಿನ ಜಾಗದ ಸುಮಾರು ಏಳರಲ್ಲೊಂದು ಪಾಲು. ಉಳಿದ ಆರು ಪಾಲು ಗಾಳಿಯದು.

ಅಂದಮೇಲೆ ಸುಸ್ಥಿತಿಯಲ್ಲಿರುವ ಪೈಪಿನ ಜಾಯಿಂಟಿನ ಮೇಲೆ ನೀರಿನ ಒತ್ತಡವೇ ಇಲ್ಲವೆನ್ನಬಹುದು. ನೀರು ಪಕ್ಕದಲ್ಲಿ ಜಾರಿ ಹೋಗುತ್ತದೆ, ಹೊರಗೆ ತಳ್ಳುವುದಿಲ್ಲ. ಈಗ ಕೆಳಗಿನ ಬೆಂಡಿನಲ್ಲಿ ಕಸ ಸಿಕ್ಕಿಕೊಂಡಿತೆನ್ನಿ. ನೀರು ಹಿಂದಕ್ಕೆ ತುಂಬುತ್ತ ಮೇಲೇರುತ್ತದೆ. ಜಾಯಿಂಟಿನ ಮೇಲೆ ಆರು ಮೀಟರು ನೀರು ನಿಂತರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಆರುನೂರು ಗ್ರಾಂ ಒತ್ತಡ. ಮಳೆನೀರಿನ ಪೈಪಿನ ಜಾಯಿಂಟನ್ನು ಇಂಥ ಒತ್ತಡಕ್ಕೆಂದು ಮಾಡಿರುವುದಿಲ್ಲ. ಅದು ಸೋರಿ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ನಾವು ಅದರ ಬಾಯಿಗೆ ಎಂ-ಸೀಲ್ ಮೆತ್ತುತ್ತೇವೆ. ನಡುವಿನ ಗಾಳಿಗೂ ಹೊರದಾರಿಯಿಲ್ಲದೆ ಅದು ನೀರನ್ನು ಸೀಳಿಕೊಂಡು ಮೇಲೆ ಬರುತ್ತದೆ. ಅದೇ ನಮ್ಮ ಹುಕ್ಕಾ. ಮಳೆ ನಿಂತು ಅರ್ಧ ಗಂಟೆಯಾದರೂ ಸದ್ದು ನಿಂತಿಲ್ಲವೆಂದರೆ ಮೇಲೆ ಇನ್ನೂ ನೀರಿದೆ, ಕೆಳಗೆ ದಾರಿಯಿಲ್ಲ ಎಂದರ್ಥ. ಬೆರಳು ತೋರಿಸಬೇಕಾದದ್ದು ಬುಡದ ಕಡೆಗೆ, ಅಥವಾ ತಾರಸಿಯ ಮೇಲಿರುವ ಪೈಪಿನ ಬಾಯಿಯ ಕಡೆಗೆ. ಜಾಯಿಂಟು ನಿರಪರಾಧಿ.

ಬಾಯಿಯ ಕಥೆ ಇನ್ನೂ ಸ್ವಾರಸ್ಯದ್ದು. ನೀರನ್ನು ಇಳಿಸುವುದು ಪೈಪಿಗೆ ಸಲೀಸು, ನೀರು ಪೈಪಿನೊಳಗೆ ಬರುವುದೇ ಕಷ್ಟ. ತಾರಸಿಯ ಮೇಲೆ ತೆಳುವಾಗಿ ಹರಿದು ಬರುವ ನೀರು ನಾಲ್ಕಿಂಚಿನ ತೂತಿನ ಅಂಚನ್ನು ದಾಟಿ ಒಳಕ್ಕೆ ಬೀಳಬೇಕು, ಕೆರೆಯ ಕೋಡಿ ಬಿದ್ದ ಹಾಗೆ. ಕೋಡಿಯ ಸೂತ್ರವನ್ನೇ ಹಾಕಿ ನೋಡಿದರೆ ಸೆಕೆಂಡಿಗೆ 2.8 ಲೀಟರ್ ಒಳಹೋಗಲು ಬಾಯಿಯ ಸುತ್ತ ಮೂರು ಸೆಂಟಿಮೀಟರ್ ನೀರು ನಿಲ್ಲಬೇಕು. ಬೇವಿನೆಲೆ ಬಂದು ಅರ್ಧ ಅಂಚನ್ನು ಮುಚ್ಚಿದರೆ ಸುಮಾರು ಐದು ಸೆಂಟಿಮೀಟರ್. ಮುಚ್ಚುತ್ತಾ ಹೋದಂತೆ ತಾರಸಿ ಪ್ಯಾರಪೆಟ್ ಗೋಡೆಗಳಿರುವ ಟ್ಯಾಂಕಾಗುತ್ತದೆ. ನೂರು ಚದರ ಮೀಟರಿನ ಮೇಲೆ ಹತ್ತು ಸೆಂಟಿಮೀಟರ್ ನೀರೆಂದರೆ ಹತ್ತು ಟನ್. ಅಷ್ಟು ತೂಕದ ಲಾರಿಯನ್ನು ಯಾರೂ ತಮ್ಮ ತಾರಸಿಯ ಮೇಲೆ ನಿಲ್ಲಿಸಿಕೊಳ್ಳುವುದಿಲ್ಲ.

ಇದಕ್ಕೇ ಹಳೆಯ ಮೇಸ್ತ್ರಿಗಳು ಬಾಯಿಯ ಸುತ್ತ ಒಂದೂವರೆ ಅಡಿ ಚೌಕದಷ್ಟು ಜಾಗವನ್ನು ತಗ್ಗು ಮಾಡುತ್ತಿದ್ದರು. ಕೇಂದ್ರ ಲೋಕೋಪಯೋಗಿ ಇಲಾಖೆಯ ಕಾಮಗಾರಿ ಪಟ್ಟಿಯಲ್ಲಿ ಇದರ ಹೆಸರು ಖುರ್ರಾ. ತಾರಸಿ ಮತ್ತು ಪ್ಯಾರಪೆಟ್ ಸೇರುವ ಮೂಲೆಯನ್ನು ದುಂಡಗೆ ತಿದ್ದುವ ಗಾರೆಗೆ ಗೋಲಾ. ಎರಡೂ ಇವತ್ತಿನ ಅವಸರದ ಕಟ್ಟಡಗಳಲ್ಲಿ ಮಾಯವಾಗುತ್ತಿವೆ. ತಾರಸಿಗೆ ಟೈಲ್ಸ್ ಹಾಕಿಸುವಾಗಲಂತೂ ವಾಟ ತಪ್ಪಿ, ಪೈಪಿನ ಬಾಯಿಯೇ ಎಲ್ಲಕ್ಕಿಂತ ಎತ್ತರದಲ್ಲಿ ಕೂತ ಉದಾಹರಣೆಗಳಿಗೆ ಬರವಿಲ್ಲ. ಬಾಯಿಗೆ ಹಾಕುವ ಜಾಲರಿಯೂ ಚಪ್ಪಟೆಯಾಗಿದ್ದರೆ ಕೆಲಸಕ್ಕೆ ಬಾರದು. ಒಂದೇ ಒಂದು ಪ್ಲಾಸ್ಟಿಕ್ ಚೀಲ ಅದನ್ನು ಮುಚ್ಚಿಬಿಡುತ್ತದೆ. ಬೋರಲು ಹಾಕಿದ ಬುಟ್ಟಿಯಂಥ ಗುಮ್ಮಟದ ಜಾಲರಿ ಬೇಕು. ಬುಡದಲ್ಲಿ ಎಲೆ ಸೇರಿದರೂ ನೀರು ಮೇಲಿನ ಕಂಡಿಗಳಿಂದ ಒಳಹೋಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಗಂಟೆಗೆ 100 ಮಿ.ಮೀ. ಮಳೆಗೆ ಒಂದು ನಾಲ್ಕಿಂಚಿನ ಪೈಪಿನ ಪಾಲಿಗೆ ಸುಮಾರು 43 ಚದರ ಮೀಟರ್ ತಾರಸಿಯನ್ನಷ್ಟೇ ಕೊಡುತ್ತದೆ. ಅಂದರೆ 120 ಗಜಕ್ಕೆ ಮೂರು ಪೈಪು. ಬರೀ ಸೂತ್ರದ ಪ್ರಕಾರ ಒಂದೇ ಸಾಕು. ಎಲೆ, ಜಾಲರಿ, ನಮ್ಮ ಸೋಮಾರಿತನ ಮೂರನ್ನೂ ಕಂಡವರೇ ಆ ಸಂಖ್ಯೆ ಬರೆದಿರಬೇಕು ಎಂದು ನನಗನ್ನಿಸುತ್ತದೆ.

ಕಲಬುರಗಿ ಕಡೆಯ ಮಣ್ಣಿನ ಮಾಳಿಗೆ ಮನೆಗಳಿಗೆ ಈ ತಾಪತ್ರಯವಿರಲಿಲ್ಲ. ಗೋಡೆಯಿಂದ ಮುಂದಕ್ಕೆ ಚಾಚಿದ ದೋಣಿ ನೀರನ್ನು ಅಂಗಳಕ್ಕೋ ಬೀದಿಗೋ ದೂರ ಎಸೆಯುತ್ತಿತ್ತು. ಕಟ್ಟಿಕೊಂಡರೆ ಕೆಳಗೆ ನಿಂತವರಿಗೇ ಕಾಣುತ್ತಿತ್ತು. ಒಂದು ಕೋಲು ಹಾಕಿ ತಿವಿದರೆ ಮುಗಿಯಿತು. ಪೈಪು ಬಂದಮೇಲೆ ಗೋಡೆಗೆ ಶತ್ರುವಾದ ನೀರನ್ನು ಗೋಡೆಯ ಮೈಗೇ ಕಟ್ಟಿ ಇಳಿಸುತ್ತಿದ್ದೇವೆ. ಒಳಗೇನಾಗುತ್ತಿದೆ ಎಂಬುದೂ ಕಾಣದು.

ಇನ್ನು ಪೈಪಿನ ಮೈ. ಹಳೆಯ ಮನೆಗಳಲ್ಲಿ ಬೀಡುಕಬ್ಬಿಣದವು ಮತ್ತು ಆಸ್ಬೆಸ್ಟಾಸ್ ಸಿಮೆಂಟಿನವು ಇನ್ನೂ ಇವೆ. ಆಸ್ಬೆಸ್ಟಾಸಿನದನ್ನು ಗರಗಸದಿಂದ ಕೊಯ್ಯಬೇಡಿ, ಅದರ ಪುಡಿ ಶ್ವಾಸಕೋಶಕ್ಕೆ ಕೆಡುಕು. ಹೊಸದೆಲ್ಲ ಬೂದು ಬಣ್ಣದ ಪಿವಿಸಿ. ಅಂಗಡಿಯಲ್ಲಿ ‘ಎಸ್‌ಡಬ್ಲ್ಯುಆರ್’ ಅನ್ನುತ್ತಾರೆ. ಇದರ ಭಾರತೀಯ ಮಾನಕ 13592. ಅದರಲ್ಲಿ ಎ ಮಾದರಿ ಮಳೆನೀರಿಗೆ, ಬಿ ಮಾದರಿ ಶೌಚದ ನೀರಿಗೆ. ಪಿವಿಸಿಗೆ ಎರಡು ದೌರ್ಬಲ್ಯ. ಬಿಸಿಲಿನ ಅತಿನೇರಳೆ ಕಿರಣ ಅದರ ಅಣುಸರಪಳಿಯಿಂದ ಕ್ಲೋರಿನ್ನನ್ನು ಕಳಚುತ್ತಾ ಹೋಗುತ್ತದೆ. ಬಣ್ಣ ಮಾಸಿ, ಮೈ ಪೆಡಸಾಗಿ, ಹತ್ತು ಹದಿನೈದು ವರ್ಷದ ಪೈಪು ಕ್ರಿಕೆಟ್ ಚೆಂಡು ತಾಗಿದರೂ ಚಿಪ್ಪೊಡೆಯುತ್ತದೆ. ಒಂದು ಕೈ ಪೇಂಟು ಹೊಡೆಸಿದರೆ ಅದರ ಆಯಸ್ಸು ಹೆಚ್ಚುತ್ತದೆ. ಎರಡನೆಯದು ಹಿಗ್ಗುವ ಕುಗ್ಗುವ ಗುಣ. ಮೂರು ಮೀಟರಿನ ಪೈಪು ಜನವರಿಯ ಮುಂಜಾವಿನಿಂದ ಮೇ ತಿಂಗಳ ಮಧ್ಯಾಹ್ನಕ್ಕೆ ಎಂಟೊಂಬತ್ತು ಮಿಲಿಮೀಟರ್ ಉದ್ದವಾಗುತ್ತದೆ. ಹಾಗಾಗಿ ರಬ್ಬರ್ ರಿಂಗಿನ ಜಾಯಿಂಟಿನಲ್ಲಿ ಪೈಪನ್ನು ಪೂರ್ತಿ ಒಳಕ್ಕೆ ತಳ್ಳಿ, ಆಮೇಲೆ ಹತ್ತು ಮಿಲಿಮೀಟರ್ ಹಿಂದಕ್ಕೆಳೆದು ಬಿಡಬೇಕು. ಕ್ಲ್ಯಾಂಪುಗಳಲ್ಲೂ ಜಾಯಿಂಟಿನ ಹತ್ತಿರದ್ದನ್ನು ಬಿಗಿಯಾಗಿ, ನಡುವಿನದನ್ನು ಸಡಿಲವಾಗಿ ಹಾಕಬೇಕು. ಎಲ್ಲವನ್ನೂ ಬಿಗಿದು ಎಂ-ಸೀಲ್ ಮೆತ್ತಿದರೆ ಪೈಪು ಒಂದು ಬೇಸಿಗೆಯಲ್ಲೇ ಅದನ್ನು ಬಿರುಕು ಬಿಡಿಸುತ್ತದೆ. ನಮ್ಮ ಮನೆಯಲ್ಲಿ ಆದದ್ದರಲ್ಲಿ ಇದರ ಪಾಲೂ ಇತ್ತು.

ಸ್ಲ್ಯಾಬನ್ನು ತೂರಿ ಪೈಪು ಇಳಿಯುವ ಜಾಗ ಮತ್ತೊಂದು ಸಂದು. ನುಣುಪು ಪ್ಲಾಸ್ಟಿಕ್ಕಿಗೆ ಸಿಮೆಂಟು ಅಂಟುವುದೇ ಇಲ್ಲ. ತಿಳಿದ ಪ್ಲಂಬರು ಆ ತುಂಡಿನ ಹೊರಮೈಗೆ ಸಾಲ್ವೆಂಟ್ ಬಳಿದು, ಹಸಿಯಿರುವಾಗಲೇ ಮರಳು ಚಿಮುಕಿಸಿ ಒಣಗಿಸುತ್ತಾನೆ. ಒರಟಾದ ಮೈಯನ್ನು ಸಿಮೆಂಟು ಹಿಡಿದುಕೊಳ್ಳುತ್ತದೆ. ಹತ್ತು ನಿಮಿಷದ ಈ ಕೆಲಸ ತಪ್ಪಿಸಿದ್ದಕ್ಕೆ ಎಷ್ಟೋ ಮನೆಗಳ ಸೀಲಿಂಗಿನಲ್ಲಿ ಪೈಪಿನ ಸುತ್ತ ಕಂದು ಬಣ್ಣದ ಉಂಗುರ ಮೂಡಿರುತ್ತದೆ.

ಹಕ್ಕಿಗಳದ್ದೂ ಒಂದು ಕೈ ಇದೆ. ಅರಳಿ, ಆಲದ ಹಣ್ಣು ತಿಂದ ಗೊರವಂಕ, ಕೋಗಿಲೆಗಳ ಹಿಕ್ಕೆಯಲ್ಲಿ ಬೀಜ ಬರುತ್ತದೆ. ಜಿನುಗುವ ಜಾಯಿಂಟಿನ ಹಿಂದಿನ ಬಿರುಕು ಆ ಬೀಜಕ್ಕೆ ನೀರು ಕಟ್ಟಿದ ಪಾತಿಯಿದ್ದಂತೆ. ಗೋಡೆಯಲ್ಲಿ ಅರಳಿಯ ಸಸಿ ಕಂಡರೆ ಅಲ್ಲಿ ಸೋರಿಕೆಯಿದೆ ಎಂದು ಓದಿಕೊಳ್ಳಬಹುದು, ಬೇರೆ ಮೀಟರು ಬೇಡ. ಮೇಲಿನ ಟೊಂಗೆ ಕತ್ತರಿಸಿದರೆ ಅದು ನಗುತ್ತ ಮತ್ತೆ ಚಿಗುರುತ್ತದೆ. ಗಾರೆ ಒಡೆದು ಬೇರು ತೆಗೆದು, ಸೋರಿಕೆ ನಿಲ್ಲಿಸಿ, ಆಮೇಲೆ ಮುಚ್ಚಬೇಕು. ಇನ್ನು ಪಾರಿವಾಳಗಳು. ಹೈದರಾಬಾದಿನವರು ಅವಕ್ಕೆ ಜೋಳ ಹಾಕಿ ಪುಣ್ಯ ಕಟ್ಟಿಕೊಳ್ಳುತ್ತಾರೆ, ಗರಿ ಮತ್ತು ಕಡ್ಡಿಗಳನ್ನು ಪೈಪುಗಳು ಕಟ್ಟಿಕೊಳ್ಳುತ್ತವೆ. ಕಟ್ಟಿದ ಬಾಯಿಯ ಸುತ್ತ ನಿಂತ ನೀರಿನಲ್ಲಿ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಎಂಟು ಹತ್ತು ದಿನ ಸಾಕು.

ಕೊನೆಗೆ ನಾನೇ ಬುಡದ ಬೆಂಡನ್ನು ಬಿಚ್ಚಿಸಿದೆ. ನೆಟ್ಟಗೆ ಬಂದ ನೀರು ಅಡ್ಡ ತಿರುಗುವಾಗ ವೇಗ ಕಳೆದುಕೊಂಡು ಒಮ್ಮೆಲೇ ಉಬ್ಬುತ್ತದೆ. ಅಣೆಕಟ್ಟಿನ ಕೆಳಗೆ ನೀರು ಎದ್ದು ನಿಂತು ಕುದಿಯುವುದೂ ಇದೇ ಕ್ರಿಯೆ. ವೇಗ ಕಳೆದ ನೀರು ಹೊತ್ತು ತಂದದ್ದನ್ನು ಅಲ್ಲೇ ಇಳಿಸುತ್ತದೆ. ನಮ್ಮ ಬೆಂಡಿನಲ್ಲಿ ಸಿಕ್ಕಿದ್ದು ಹೈದರಾಬಾದಿನ ಪಂಚಾಂಗ: ಸಂಕ್ರಾಂತಿಯ ಗಾಳಿಪಟದ ಮಾಂಜಾ ದಾರದ ಉಂಡೆ, ಅದಕ್ಕೆ ಫೆಬ್ರವರಿ ಮಾರ್ಚಿನಲ್ಲಿ ಉದುರಿದ ಬೇವಿನೆಲೆಯ ಕಡ್ಡಿ, ಅದರ ಮೇಲೆ ಪಾರಿವಾಳದ ಗರಿ, ಎಲ್ಲಕ್ಕೂ ಅಂಟಾಗಿ ತಾರಸಿಯ ಧೂಳು. ಏಪ್ರಿಲಿನ ಅಡ್ಡಮಳೆ ಬರುವಷ್ಟರಲ್ಲಿ ಬಿರಡೆ ಸಿದ್ಧ. ಎಲ್ಲದರ ಬುನಾದಿ ಆ ದಾರ. ಅದಿಲ್ಲದಿದ್ದರೆ ಎಲೆ ನೀರಿನ ಜೊತೆ ಹೋಗಿಬಿಡುತ್ತಿತ್ತು.

ಒಂದೇ ತೊಂಬತ್ತು ಡಿಗ್ರಿಯ ಎಲ್ಬೋ ಇದ್ದಲ್ಲಿ ನಲವತ್ತೈದರ ಎರಡು ಬೆಂಡು ಹಾಕಿಸಿ, ಮುಚ್ಚಳ ಬಿಚ್ಚಿ ಕೈಹಾಕಬಹುದಾದ ಡೋರ್ ಟೀ ಒಂದನ್ನು ಸೇರಿಸಿದೆವು. ಪೈಪಿನ ಕೊನೆಯನ್ನು ಮ್ಯಾನ್‌ಹೋಲಿನಿಂದ ಬಿಡಿಸಿ ಇಂಗುಗುಂಡಿಗೆ ತಿರುಗಿಸಿದೆವು. ಮಳೆನೀರನ್ನು ಒಳಚರಂಡಿಗೆ ಬಿಡುವುದು ಇಡೀ ಗಲ್ಲಿಗೆ ಮಾಡುವ ದ್ರೋಹ. ಎಲ್ಲ ತಾರಸಿಗಳ ನೀರೂ ಒಂದೇ ಹತ್ತು ನಿಮಿಷದಲ್ಲಿ ಅಲ್ಲಿಗೆ ನುಗ್ಗಿದರೆ ಮ್ಯಾನ್‌ಹೋಲು ಉಕ್ಕದೆ ಇನ್ನೇನು? 2020ರ ಅಕ್ಟೋಬರ್ 13ರಂದು ಶುರುವಾದ ಮಳೆ ಬೇಗಂಪೇಟೆಯಲ್ಲಿ ಒಂದು ದಿನಕ್ಕೆ ಸುಮಾರು 19 ಸೆಂ.ಮೀ. ಸುರಿಸಿತು. ಸರೂರ್‌ನಗರ ಕೆರೆಯ ಕೆಳಗಿನ ನಮ್ಮ ಪಕ್ಕದ ಕಾಲೊನಿಗಳು ಮುಳುಗಿದವು. ಅಷ್ಟು ಮಳೆಗೆ 120 ಗಜದ ಒಂದೊಂದು ತಾರಸಿಯೂ 19 ಸಾವಿರ ಲೀಟರ್ ನೀರನ್ನು ಕೆಳಗೆ ಕಳಿಸುತ್ತದೆ. 1908ರ ಮೂಸಿ ಪ್ರವಾಹದ ಮರುವರ್ಷ ನಿಜಾಮರ ಕರೆಯ ಮೇಲೆ ಬಂದ ವಿಶ್ವೇಶ್ವರಯ್ಯನವರು ನದಿಗೆ ಜಲಾಶಯಗಳನ್ನೂ ಊರಿಗೆ ಒಳಚರಂಡಿಯನ್ನೂ ಯೋಜಿಸಿದರು. ಇಷ್ಟೊಂದು ಕಾಂಕ್ರೀಟ್ ತಾರಸಿಗಳು ಅವರ ಕಾಲದ ಊರಿನಲ್ಲಿರಲಿಲ್ಲ.

ತೆಲಂಗಾಣಕ್ಕೆ ಮುಂಗಾರು ಸಾಮಾನ್ಯವಾಗಿ ಜೂನಿನ ಮೊದಲರ್ಧದಲ್ಲಿ ಬರುತ್ತದೆ. ಅದಕ್ಕೆ ಮುಂಚೆ ಒಂದು ಭಾನುವಾರ ಎರಡು ಬಕೆಟ್ ನೀರು ಹೊತ್ತು ತಾರಸಿಗೆ ಹೋಗಿ. ಬಾಯಿಯ ಸುತ್ತ ಗುಡಿಸಿ, ದಾರದ ತುಂಡಿದ್ದರೆ ಹೆಕ್ಕಿ, ಎರಡೂ ಬಕೆಟ್‌ಗಳನ್ನು ಒಟ್ಟಿಗೆ ಸುರಿದು ಕಿವಿಗೊಡಿ. ಸರ್ರನೆ ಇಳಿದರೆ ಸರಿ. ಗುಳುಗುಳು ಎಂದರೆ ಪ್ಲಂಬರನ್ನು ಕರೆಯಿರಿ, ಆದರೆ ಅವನನ್ನು ಸೋರುವ ಜಾಯಿಂಟಿನ ಹತ್ತಿರ ಕರೆದೊಯ್ಯಬೇಡಿ, ಬುಡದ ಬೆಂಡು ತೋರಿಸಿ. ನಮ್ಮ ಮೊದಲ ಮಹಡಿಯ ಜಾಯಿಂಟಿಗೆ ಆಮೇಲೆ ಹೊಸ ರಬ್ಬರ್ ರಿಂಗ್ ಹಾಕಿಸಿದ್ದು ಬಿಟ್ಟರೆ ಪೈಪು ಹಳೆಯದೇ ಇದೆ, ಒಂದು ಹನಿಯೂ ಸೋರಿಲ್ಲ.