ಬಸ್ಸು ನಮ್ಮೆಲ್ಲರದು



ಅಂದು ಸಂತಿ ದಿನ. ಠಾಣಾ ಕುಶನೂರದ ಬಸ್ ನಿಲ್ದಾಣದಲ್ಲಿ ಜನವೋ ಜನ. ನಾವು ಏಳೆಂಟು ಜನ ಹೆಣ್ಣುಮಕ್ಕಳು ಬೀದರಕ್ಕೆ ಹೊರಟಿದ್ದೆವು. ಬೀದರ ಕೋಟೆ ನೋಡಬೇಕು, ಝರಣಿ ನರಸಿಂಹನ ದರ್ಶನ ಮಾಡಬೇಕು ಅಂತ ಬಹಳ ದಿನದ ಆಸೆ. ಬುತ್ತಿ ಕಟ್ಟಿಕೊಂಡು ಬಂದಿದ್ದೆವು.

ನಮ್ಮ ಪಕ್ಕದಲ್ಲಿ ಒಬ್ಬ ಅಜ್ಜಿ ನಿಂತಿದ್ದಳು. ಜೊತೆಗೆ ಸೊಸೆ. ಸೊಸೆಯ ಸೊಂಟದ ಮೇಲೆ ಕೂಸು. ಅಜ್ಜಿಯ ಕೈಯಲ್ಲಿ ದವಾಖಾನಿ ಚೀಟಿ.

"ಎಲ್ಲಿಗೆ ಹೊಂಟೀರಿ ಅಜ್ಜಿ?" ಅಂತ ಕೇಳಿದೆವು.

"ಬೀದರಕ್ಕ ಯವ್ವಾ. ಕಣ್ಣು ತೋರಿಸಬೇಕು. ಇವತ್ತೇ ಬಾ ಅಂದಾರ ಡಾಕ್ಟರು" ಅಂದಳು.

ಬಸ್ಸು ಬಂತು. ಒಳಗಿನ ಜನ ಇಳಿಯುವ ಮೊದಲೇ ನಾವು ಬಾಗಿಲು ಮುತ್ತಿದೆವು. ಒಬ್ಬಳು ಕಿಟಕಿಯಿಂದ ದಸ್ತಿ ಒಗೆದಳು. ಇನ್ನೊಬ್ಬಳು ಸೀಟಿನ ಮೇಲೆ ಚೀಲ ಇಟ್ಟಳು. ನೂಕಾಟ, ಕೂಗಾಟ. ಹೇಗೋ ಒಳಗೆ ಸೇರಿ ಕುಳಿತೆವು. ಕಂಡಕ್ಟರ್ "ರೈಟ್" ಅಂದ. ಬಸ್ಸು ಹೊರಟಿತು.

ಕಿಟಕಿಯಿಂದ ನೋಡಿದೆವು. ಅಜ್ಜಿ ಕೆಳಗೇ ನಿಂತಿದ್ದಳು. ಕಾಲಿನ ಚಪ್ಪಲಿ ಕಿತ್ತು ಕೈಗೆ ಬಂದಿತ್ತು.

ಎಂಟು ದಿನದ ಮೇಲೆ ಅದೇ ಅಜ್ಜಿ ಸಿಕ್ಕಳು. "ಕಣ್ಣು ತೋರಿಸಿದಿರಾ?" ಅಂತ ಕೇಳಿದೆವು.

"ಮುಂದಿನ ಗಾಡಿ ಬರೋದ್ರಾಗ ಹೊತ್ತಾಯ್ತು. ದವಾಖಾನಿಗೆ ಹೋದ್ರ ಚೀಟಿ ಮಾಡೋ ಕಿಟಕಿ ಮುಚ್ಚಿತ್ತು. ಮರುದಿನ ಮತ್ತ ಹೋದೆವು. ಸೊಸಿಯ ಎರಡು ದಿನದ ಕೂಲಿ ಹೋಯ್ತು ನೋಡು" ಅಂದಳು.

ಅಜ್ಜಿ ನಮ್ಮನ್ನು ಬೈಯಲಿಲ್ಲ. ಒಂದೇ ಮಾತು ಕೇಳಿದಳು: "ನೀವು ಓದು ಬರಹ ಕಲಿತವರು. ನೀವೇ ಹಂಗ ಮಾಡಿದ್ರ ಹ್ಯಾಂಗ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಈ ಪಾಠ ಬರೆದಿದ್ದೇವೆ. ಇದು ನಿಮಗೂ ಪಾಠ, ನಮಗೂ ಪಾಠ.

ಶಕ್ತಿ ಯೋಜನೆ

ಮೊದಲು ನಾವು ಬೀದರಕ್ಕೆ ಹೋಗಬೇಕಾದರೆ ಮನೆಯವರ ಹತ್ತಿರ ದುಡ್ಡು ಕೇಳಬೇಕಿತ್ತು. "ಯಾಕೆ? ಎಷ್ಟು? ಈಗೇನು ಅವಸರ?" ಅಂತ ಮಾತು ಬರುತ್ತಿತ್ತು. ತವರಿಗೆ ಹೋಗುವುದು, ದವಾಖಾನಿಗೆ ಹೋಗುವುದು ಮುಂದೆ ಹೋಗುತ್ತಿತ್ತು.

2023ರ ಜೂನ್ 11ರಂದು ಕರ್ನಾಟಕ ಸರ್ಕಾರ ಶಕ್ತಿ ಯೋಜನೆ ಶುರು ಮಾಡಿತು. ಕರ್ನಾಟಕದ ಹೆಣ್ಣುಮಕ್ಕಳು ರಾಜ್ಯದೊಳಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡದೆ ಹೋಗಬಹುದು. ಸಾದಾ ಬಸ್ಸು, ವೇಗದೂತ ಬಸ್ಸುಗಳಿಗೆ ಇದು ಅನ್ವಯ. ರಾಜಹಂಸ, ಎ.ಸಿ. ಬಸ್ಸು, ಮಲಗಿ ಹೋಗುವ ಬಸ್ಸುಗಳಿಗೆ ಇಲ್ಲ. ನಮ್ಮ ಭಾಗದಲ್ಲಿ ಓಡುವವು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳು.

2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಹೆಣ್ಣುಮಕ್ಕಳ ಇಂಥ ಪ್ರಯಾಣ 500 ಕೋಟಿ ದಾಟಿತು. ಅದರಲ್ಲಿ ನಮ್ಮ ನಿಮ್ಮ ಪ್ರಯಾಣವೂ ಸೇರಿದೆ. ಕೂಲಿಗೆ ಹೋದದ್ದು, ಕಾಲೇಜಿಗೆ ಹೋದದ್ದು, ಬಾಣಂತಿ ಮಗಳನ್ನು ನೋಡಲು ಹೋದದ್ದು ಎಲ್ಲಾ ಸೇರಿದೆ.

"ಪುಕ್ಕಟೆ ಬಸ್ಸಿನವರು" ಅಂದರೆ?

ಕೆಲವರು ಹೀಗೆ ಚುಚ್ಚಿ ಮಾತಾಡುತ್ತಾರೆ. ನಾವು ತಲೆ ತಗ್ಗಿಸಬೇಕಾಗಿಲ್ಲ. ನಮ್ಮ ಟಿಕೆಟ್ಟಿನ ದುಡ್ಡನ್ನು ಸರ್ಕಾರ ಸಾರಿಗೆ ನಿಗಮಕ್ಕೆ ಕೊಡುತ್ತದೆ. ಸರ್ಕಾರಕ್ಕೆ ಆ ದುಡ್ಡು ಎಲ್ಲಿಂದ ಬಂತು? ಜನ ಕಟ್ಟುವ ತೆರಿಗೆಯಿಂದ. ನಾವು ಅಂಗಡಿಯಲ್ಲಿ ಸಾಬೂನು, ಬಿಸ್ಕಿಟ್ ಕೊಂಡಾಗ ಅದರ ಬೆಲೆಯಲ್ಲಿ ತೆರಿಗೆ ಇರುತ್ತದೆ. ಹಾಗಾಗಿ ಬಸ್ಸಿಗೆ ನಾವೂ ದುಡ್ಡು ಹಾಕಿದ್ದೇವೆ.

ಹಾಗೆಯೇ ಪಕ್ಕದಲ್ಲಿ ನಿಂತ ಅಜ್ಜಿಯೂ ಹಾಕಿದ್ದಾಳೆ. ಟಿಕೆಟ್ ತಗೊಂಡ ಗಂಡಸರೂ ಹಾಕಿದ್ದಾರೆ. ಬಸ್ಸು ನಮ್ಮದು ಅಂದ ಮೇಲೆ ಅದು ಅವರದೂ ಹೌದು. ಈ ಮಾತು ನೆನಪಿದ್ದರೆ ಬಸ್ಸಿನಲ್ಲಿ ಹೇಗೆ ಇರಬೇಕು ಅನ್ನುವುದು ತಾನೇ ತಿಳಿಯುತ್ತದೆ.

ಟಿಕೆಟ್ ತಗೊಳ್ಳೋಣ

"ದುಡ್ಡಿಲ್ಲ ಅಂದ ಮೇಲೆ ಟಿಕೆಟ್ ಯಾಕ ಬೇಕ್ರಿ?" ಅಂತ ಒಬ್ಬ ಅಕ್ಕ ನಮ್ಮನ್ನು ಕೇಳಿದಳು. ಒಳ್ಳೆಯ ಪ್ರಶ್ನೆ.

ಕಂಡಕ್ಟರ್ ನಮಗೆ ಶೂನ್ಯ ಟಿಕೆಟ್ ಕೊಡುತ್ತಾನೆ. ನಾವು ಎಲ್ಲಿ ಹತ್ತಿದೆವು, ಎಲ್ಲಿ ಇಳಿಯುತ್ತೇವೆ ಎಂಬ ಲೆಕ್ಕ ಅದರಿಂದ ಸಿಗುತ್ತದೆ. ಆ ಲೆಕ್ಕದ ಮೇಲೆ ನಿಗಮಕ್ಕೆ ದುಡ್ಡು ಬರುತ್ತದೆ. ನಾವು ಟಿಕೆಟ್ ತಗೊಳ್ಳದಿದ್ದರೆ ಲೆಕ್ಕ ತಪ್ಪುತ್ತದೆ. ಬೀದರಕ್ಕೆ ಟಿಕೆಟ್ ತಗೊಂಡು ಭಾಲ್ಕಿಯಲ್ಲಿ ಇಳಿದರೂ ಲೆಕ್ಕ ತಪ್ಪುತ್ತದೆ.

ತಪಾಸಣೆಯವರು ಬಂದಾಗ ಟಿಕೆಟ್ ಇಲ್ಲದಿದ್ದರೆ ದಂಡ ಬೀಳುತ್ತದೆ. ಕಂಡಕ್ಟರನಿಗೂ ತೊಂದರೆ ಆಗುತ್ತದೆ. ಅವನಿಗೂ ಹೆಂಡತಿ ಮಕ್ಕಳು ಇದ್ದಾರೆ.

ಅದಕ್ಕೆ ಆಧಾರ್ ಕಾರ್ಡು ಮುಂತಾದ ಗುರುತಿನ ಚೀಟಿ ಮೊದಲೇ ಕೈಯಲ್ಲಿ ಹಿಡಿದಿರೋಣ. ಕಂಡಕ್ಟರ್ ಬಂದ ಮೇಲೆ ಸೆರಗಿನ ಗಂಟು ಬಿಚ್ಚುತ್ತಾ ಕುಳಿತರೆ ಉಳಿದವರಿಗೆ ಟಿಕೆಟ್ ಕೊಡಲು ತಡವಾಗುತ್ತದೆ. ಟಿಕೆಟ್ ಕೈಗೆ ಬಂದ ಕೂಡಲೇ ಓದೋಣ. ಊರಿನ ಹೆಸರು ಸರಿ ಇದೆಯೇ? ಇಲ್ಲದಿದ್ದರೆ ಆಗಲೇ ಹೇಳೋಣ. ಇಳಿಯುವ ತನಕ ಟಿಕೆಟ್ ಜೋಪಾನ.

ಗಡಿ ದಾಟುವಾಗ

ನಮ್ಮದು ಗಡಿ ಸೀಮೆ. ನಮ್ಮ ಬೀಗರು ಉದಗೀರದಲ್ಲಿ ಇದ್ದಾರೆ, ದೇಗಲೂರಿನಲ್ಲಿ ಇದ್ದಾರೆ. ಅವು ಮಹಾರಾಷ್ಟ್ರದ ಊರುಗಳು. ಶಕ್ತಿ ಯೋಜನೆ ಇರುವುದು ಕರ್ನಾಟಕದೊಳಗಿನ ಪ್ರಯಾಣಕ್ಕೆ. ಮಹಾರಾಷ್ಟ್ರ ಸರ್ಕಾರ ತನ್ನ ಎಸ್.ಟಿ. ಬಸ್ಸುಗಳಲ್ಲಿ 2023ರ ಮಾರ್ಚ್‌ನಿಂದ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್ ಮಾಡಿತು. ತೆಲಂಗಾಣ ಸರ್ಕಾರ 2023ರ ಡಿಸೆಂಬರ್‌ನಲ್ಲಿ ತನ್ನ ರಾಜ್ಯದ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಶುರು ಮಾಡಿತು. ಒಂದೊಂದು ರಾಜ್ಯದ ನಿಯಮ ಒಂದೊಂದು.

ಹಾಗಾಗಿ ಗಡಿ ದಾಟುವ ಬಸ್ಸು ಹತ್ತುವಾಗ ಮೊದಲೇ ಕಂಡಕ್ಟರನ್ನು ಕೇಳೋಣ. ಟಿಕೆಟ್ಟಿನ ದುಡ್ಡು ಜೊತೆಗೆ ಇಟ್ಟುಕೊಳ್ಳೋಣ. ನಡು ದಾರಿಯಲ್ಲಿ ಜಗಳ ಬೇಡ.

ಹತ್ತುವಾಗ, ಇಳಿಯುವಾಗ

ಬಾಗಿಲು ಸಣ್ಣದು. ಹತ್ತು ಜನ ಇಳಿದರೆ ಒಳಗೆ ಹತ್ತು ಜನಕ್ಕೆ ಜಾಗ ಆಗುತ್ತದೆ. ಇಳಿಯುವವರನ್ನು ತಡೆದು ಹತ್ತಲು ಹೋದರೆ ಯಾರೂ ಅಲುಗಾಡಲು ಆಗುವುದಿಲ್ಲ. ಮೊದಲು ಇಳಿಯಲು ಬಿಡೋಣ. ಆಮೇಲೆ ಸಾಲಾಗಿ ಹತ್ತೋಣ. ಕೆಲಸ ಬೇಗ ಆಗುತ್ತದೆ.

ಮುದುಕರು, ಬಸುರಿಯರು, ಕೂಸು ಎತ್ತಿಕೊಂಡವರು, ಅಂಗವಿಕಲರು ಮೊದಲು ಹತ್ತಲಿ. ಕೈ ಹಿಡಿದು ಹತ್ತಿಸೋಣ.

ಬಸ್ಸು ಪೂರಾ ನಿಲ್ಲುವ ತನಕ ಇಳಿಯಬಾರದು. ಯಾಕೆ? ಬಸ್ಸಿನ ಜೊತೆ ನಮ್ಮ ಮೈಯೂ ಓಡುತ್ತಿರುತ್ತದೆ. ಕಾಲು ನೆಲಕ್ಕೆ ತಾಗಿ ನಿಲ್ಲುತ್ತದೆ. ಮೈ ಮಾತ್ರ ಮುಂದಕ್ಕೆ ಹೋಗುತ್ತದೆ. ಆಗ ಮುಗ್ಗರಿಸಿ ಬೀಳುತ್ತೇವೆ. ಸೀರೆಯ ಸೆರಗು ಬಾಗಿಲಿಗೆ ಸಿಕ್ಕದಂತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳೋಣ. ಇಳಿದ ಮೇಲೆ ಬಸ್ಸಿನ ಮುಂದಿನಿಂದ ರಸ್ತೆ ದಾಟಬಾರದು. ಬಸ್ಸಿನ ಮೂತಿಗೆ ಹತ್ತಿರ ನಿಂತವರು ಡ್ರೈವರನಿಗೆ ಸರಿಯಾಗಿ ಕಾಣುವುದಿಲ್ಲ. ಬಸ್ಸು ಹೋದ ಮೇಲೆ ಎರಡೂ ಕಡೆ ನೋಡಿ ದಾಟೋಣ.

ಮಕ್ಕಳ ಕೈ, ತಲೆ ಕಿಟಕಿಯ ಹೊರಗೆ ಹೋಗದಂತೆ ನೋಡಿಕೊಳ್ಳೋಣ.

ಸೀಟು ಯಾರದು?

ದಸ್ತಿ ಒಗೆದ ಮಾತ್ರಕ್ಕೆ ಸೀಟು ನಮ್ಮದಾಗುವುದಿಲ್ಲ. ಸೀಟು ಇರುವುದು ಮನುಷ್ಯರು ಕೂಡಲು. ಚೀಲ ಕಾಲ ಬಳಿ ಇಡೋಣ. ಹೆಚ್ಚಿನ ಸಾಮಾನಿಗೆ ಲಗೇಜು ದುಡ್ಡು ಕೊಡೋಣ.

ಸೀಟಿನ ಮೇಲೆ ಬರೆದದ್ದನ್ನು ಓದೋಣ. "ಮಹಿಳೆಯರಿಗೆ", "ಹಿರಿಯ ನಾಗರಿಕರಿಗೆ", "ಅಂಗವಿಕಲರಿಗೆ" ಅಂತ ಇರುತ್ತದೆ. ಅಕ್ಷರ ಬಾರದಿದ್ದಾಗ ಗೊತ್ತಿಲ್ಲದೆ ಕೂಡುತ್ತಿದ್ದೆವು. ಈಗ ಓದಲು ಬರುತ್ತದೆ. ಓದಿದ ಮೇಲೆ ಗೊತ್ತಿಲ್ಲ ಅನ್ನಲು ಬರುವುದಿಲ್ಲ.

ಇನ್ನೊಂದು ಮಾತು. ಶಕ್ತಿ ಯೋಜನೆ ಬಂದಾಗ ಸಾರಿಗೆ ನಿಗಮದ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಅಂತ ಸರ್ಕಾರ ನಿಯಮ ಮಾಡಿತು. ದುಡ್ಡು ಕೊಟ್ಟು ಬಂದ ಮುದುಕಪ್ಪ ನಿಂತಿದ್ದಾನೆ. ಗಟ್ಟಿ ಇರುವ ನಾವು ಕುಳಿತಿದ್ದೇವೆ. ಅದು ಸರಿಯೇ? "ಕುಂಡರ್ರಿ ಕಾಕಾ" ಅಂತ ಸ್ವಲ್ಪ ದೂರ ಜಾಗ ಕೊಡೋಣ. ಹಾಗೆಯೇ ಹೆಂಗಸರ ಸೀಟಿನಲ್ಲಿ ಗಟ್ಟಿ ಗಂಡಸು ಕುಳಿತಿದ್ದರೆ "ಅಣ್ಣಾ, ಇದು ಹೆಣ್ಣುಮಕ್ಕಳ ಸೀಟು, ಓದ್ರಿ" ಅಂತ ಮೆಲ್ಲಗೆ ಹೇಳೋಣ.

ಉಗುಳು, ಕಸ

ಎಲೆ ಅಡಕಿ, ತಂಬಾಕು ಹಾಕಿ ಕಿಟಕಿಯಿಂದ ಉಗುಳಿದರೆ ಅದು ಎಲ್ಲಿ ಹೋಗುತ್ತದೆ? ಗಾಳಿಗೆ ಹಿಂದಿನ ಕಿಟಕಿಯವರ ಮುಖಕ್ಕೆ ಬರುತ್ತದೆ. ನಮ್ಮ ಮುಖದ ಮೇಲೆ ಬಿದ್ದರೆ ನಾವು ಸುಮ್ಮನಿರುತ್ತೇವೆಯೇ? ಸಾರ್ವಜನಿಕ ಜಾಗದಲ್ಲಿ ಬೀಡಿ ಸೇದಿದರೆ, ತಂಬಾಕು ಉಗುಳಿದರೆ 1000 ರೂಪಾಯಿ ತನಕ ದಂಡ ಇದೆ. ಕರ್ನಾಟಕದಲ್ಲಿ ಈ ಕಾನೂನು 2025ರಲ್ಲಿ ಜಾರಿಗೆ ಬಂತು. ತಂಬಾಕು ಬಿಟ್ಟರೆ ದಂಡವೂ ಇಲ್ಲ, ರೋಗದ ಭಯವೂ ಕಡಿಮೆ.

ಕ್ಷಯ ರೋಗ ಕೆಮ್ಮಿನಿಂದ ಹರಡುತ್ತದೆ. ಕೆಮ್ಮುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯೋಣ. ಕಿಟಕಿ ತೆರೆದಿಡೋಣ. ಎರಡು ವಾರ ಬಿಡದೆ ಕೆಮ್ಮು ಇದ್ದರೆ ಸರ್ಕಾರಿ ದವಾಖಾನಿಯಲ್ಲಿ ಕಫ ಪರೀಕ್ಷೆ ಮಾಡಿಸೋಣ.

ಬಾಳೆಹಣ್ಣಿನ ಸಿಪ್ಪೆ, ಶೇಂಗಾ ಸಿಪ್ಪೆ, ಪ್ಲಾಸ್ಟಿಕ್ ಚೀಟಿ ಬಸ್ಸಿನಲ್ಲಿ ಚೆಲ್ಲಬಾರದು. ಒಂದು ಸಣ್ಣ ಚೀಲದಲ್ಲಿ ಹಾಕಿಕೊಂಡು ಇಳಿದ ಮೇಲೆ ಕಸದ ಡಬ್ಬಿಗೆ ಹಾಕೋಣ. ಮಗುವಿಗೆ ವಾಂತಿ ಬರುವಂತಿದ್ದರೆ ಅದಕ್ಕೂ ಒಂದು ಚೀಲ ಇರಲಿ.

ಯಾರಾದರೂ ಕಿರಿಕಿರಿ ಮಾಡಿದರೆ

ಒಳ್ಳೆಯ ನಡತೆ ಅಂದರೆ ಎಲ್ಲಾ ಸಹಿಸುವುದು ಅಂತ ಅರ್ಥ ಅಲ್ಲ. ಗದ್ದಲದಲ್ಲಿ ಯಾರಾದರೂ ಮೈ ಮುಟ್ಟಿದರೆ, ಕೆಟ್ಟ ಮಾತು ಆಡಿದರೆ ಗಟ್ಟಿಯಾಗಿ ಕೇಳೋಣ. ಕಂಡಕ್ಟರನಿಗೆ ಹೇಳೋಣ. 112ಕ್ಕೆ ಫೋನ್ ಮಾಡೋಣ. ಬೇರೆ ಹುಡುಗಿಗೆ ತೊಂದರೆ ಆಗುತ್ತಿದ್ದರೆ ಅವಳ ಪಕ್ಕ ಹೋಗಿ ನಿಲ್ಲೋಣ. ಇದೂ ಪ್ರಯಾಣಿಕರ ಕರ್ತವ್ಯ.

ಊರು ನೋಡಲು ಹೋದಾಗ

ಬಸ್ಸು ಇಳಿದ ಮೇಲೂ ನಾವು ಹತ್ತು ಜನರ ನಡುವೆಯೇ ಇರುತ್ತೇವೆ. ಝರಣಿ ನರಸಿಂಹನ ಗುಡಿಯಲ್ಲಿ ಸುರಂಗದ ನೀರಿನಲ್ಲಿ ನಡೆದು ಹೋಗಬೇಕು. ಅಲ್ಲಿ ನೂಕಿದರೆ ಜೀವಕ್ಕೆ ಅಪಾಯ. ಗುರು ನಾನಕ ಝೀರಾದಲ್ಲಿ ಚಪ್ಪಲಿ ಬಿಟ್ಟು, ತಲೆ ಮೇಲೆ ಬಟ್ಟೆ ಹಾಕಿಕೊಂಡು ಒಳಗೆ ಹೋಗಬೇಕು. ಅಲ್ಲಿಯ ಲಂಗರಿನಲ್ಲಿ ಎಲ್ಲರಿಗೂ ಊಟ ಹಾಕುತ್ತಾರೆ. ಉಣ್ಣುವಷ್ಟೇ ಹಾಕಿಸಿಕೊಂಡು ಎಲ್ಲಾ ಉಂಡು ಏಳೋಣ.

ಬೀದರದ ಮಹಮೂದ್ ಗವಾನ್ ಮದರಸಾ 1472ರಲ್ಲಿ ಕಟ್ಟಿದ್ದು. ಅದು ಆ ಕಾಲದ ದೊಡ್ಡ ಶಾಲೆ. 500 ವರ್ಷ ದಾಟಿದರೂ ಗೋಡೆಯ ಬಣ್ಣದ ಹೆಂಚು ಅಲ್ಲಲ್ಲಿ ಉಳಿದಿದೆ. ಇಂಥ ಗೋಡೆಯ ಮೇಲೆ ಕೆಲವರು ಮೊಳೆಯಿಂದ ತಮ್ಮ ಹೆಸರು ಕೆತ್ತುತ್ತಾರೆ. ಅದು ಅಪರಾಧ. ಜೈಲು ಶಿಕ್ಷೆಯೂ ಆಗಬಹುದು. ನಾವು ಕಷ್ಟಪಟ್ಟು ಹೆಸರು ಬರೆಯಲು ಕಲಿತಿದ್ದೇವೆ. ಅದನ್ನು ಪಾಟಿಯ ಮೇಲೆ, ಅರ್ಜಿಯ ಮೇಲೆ, ಬ್ಯಾಂಕಿನ ಚೀಟಿಯ ಮೇಲೆ ಬರೆಯೋಣ.

ಮತ್ತೆ ಅದೇ ನಿಲ್ದಾಣ

ಆ ಅಜ್ಜಿಯ ಮಾತು ಕೇಳಿದ ಮೇಲೆ ನಾವು ನಮ್ಮ ಓದಿನ ಗುಂಪಿನಲ್ಲಿ ಕೂತು ಮಾತಾಡಿದೆವು. ಮುಂದಿನ ಸಲ ಬೀದರಕ್ಕೆ ಹೊರಟಾಗ ಬಾಗಿಲ ಹತ್ತಿರ ಇಬ್ಬರು ನಿಂತೆವು. "ಮೊದಲು ಇಳೀಲಿ, ತಡೀರಿ" ಅಂದೆವು. ಕೆಲವರು ನಕ್ಕರು. ಒಬ್ಬ ಹುಡುಗ ನಮ್ಮನ್ನು ದಾಟಿ ನುಗ್ಗಿದ. ಉಳಿದವರು ತಡೆದರು. ಒಬ್ಬ ಬಸುರಿ ಹೆಣ್ಣುಮಗಳು ಮೊದಲು ಹತ್ತಿ ಕುಳಿತಳು. ಅವತ್ತು ನಮ್ಮಲ್ಲಿ ಮೂವರಿಗೆ ಸೀಟು ಸಿಗಲಿಲ್ಲ. ಭಾಲ್ಕಿ ತನಕ ನಿಂತೇ ಹೋದೆವು. ಕಾಲು ನೋಯ್ದವು. ಆದರೆ ಕಿಟಕಿಯಿಂದ ಹೊರಗೆ ನೋಡಲು ನಾಚಿಕೆ ಆಗಲಿಲ್ಲ.

ನೆನಪಿಡೋಣ

1. ಬಸ್ಸಿನ ಬೋರ್ಡು ನಾವೇ ಓದೋಣ. ಓದಲು ಬಾರದವರಿಗೆ ಓದಿ ಹೇಳೋಣ.
2. ಗುರುತಿನ ಚೀಟಿ ತೋರಿಸಿ ಟಿಕೆಟ್ ತಪ್ಪದೆ ತಗೊಳ್ಳೋಣ.
3. ಮೊದಲು ಇಳಿಯಲು ಬಿಡೋಣ, ಆಮೇಲೆ ಹತ್ತೋಣ.
4. ಬೇಕಾದವರಿಗೆ ಸೀಟು ಬಿಟ್ಟು ಕೊಡೋಣ.
5. ಉಗುಳಬಾರದು, ಕಸ ಚೆಲ್ಲಬಾರದು.

ಕೂಡಿ ಮಾತಾಡೋಣ

1. ನೀವು ಬಸ್ಸು ಹತ್ತಲು ಆಗದೆ ಉಳಿದದ್ದು ಉಂಟೆ? ಅವತ್ತು ಯಾವ ಕೆಲಸ ಕೆಟ್ಟಿತು?
2. ನಿಮ್ಮೂರಿನ ನಿಲ್ದಾಣದಲ್ಲಿ ಸಾಲು ಹಚ್ಚಲು ಯಾರು ಮುಂದೆ ಬರುತ್ತೀರಿ?
3. ನಿಮ್ಮ ಹತ್ತಿರ ಇರುವ ಒಂದು ಟಿಕೆಟ್ ತನ್ನಿ. ಅದರಲ್ಲಿರುವ ಊರಿನ ಹೆಸರು ಓದಿ, ಪಾಟಿಯ ಮೇಲೆ ಬರೆಯಿರಿ.