ಮಂಚಾಲೆಗೆ ಬಂದ ಸಾಹೇಬ

ನಮ್ಮ ರಾವೂರಿನಿಂದ ಮಂತ್ರಾಲಯಕ್ಕೆ ಹೊರಟವರು ವಾಡಿಯಲ್ಲಿ ರೈಲು ಹಿಡಿಯಬೇಕು. ಕೃಷ್ಣೆ, ರಾಯಚೂರು, ತುಂಗಭದ್ರೆಗಳನ್ನು ದಾಟಿ ಮಂತ್ರಾಲಯಂ ರೋಡ್ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಸಹಪ್ರಯಾಣಿಕರಲ್ಲಿ ಒಬ್ಬರಾದರೂ ಮನ್ರೋ ಸಾಹೇಬನ ಕಥೆ ತೆಗೆಯದಿರುವುದಿಲ್ಲ. ಕಳೆದ ಸಲ ನಾನು ಹೋದಾಗಲೂ ಹಾಗೆಯೇ ಆಯಿತು.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಕಡಪ ಮೊದಲಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ರಾವೂರಿನ ಕಡೆಯ ನಾಡು ನಿಜಾಮನಲ್ಲಿಯೇ ಉಳಿಯಿತು. ಬಿಟ್ಟುಕೊಟ್ಟ ಸೀಮೆಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಅಲ್ಲಿದ್ದು ಪಾಳೆಯಗಾರರನ್ನು ಅಡಗಿಸಿದ. ಹೊಲಹೊಲವನ್ನೂ ಅಳೆಯಿಸಿ ಕಂದಾಯ ಕಟ್ಟಿದ.

ರಾಘವೇಂದ್ರಸ್ವಾಮಿಗಳು 1671ರಲ್ಲಿ ಬೃಂದಾವನಸ್ಥರಾದ ಮಂಚಾಲೆಯೇ ಇಂದಿನ ಮಂತ್ರಾಲಯ. ಮಠದ ಇನಾಮಿನ ವಿಚಾರಣೆಗೆಂದು ಮನ್ರೋ ಅಲ್ಲಿಗೆ ಬಂದನಂತೆ. ಟೋಪಿ ತೆಗೆದು, ಪಾದರಕ್ಷೆ ಕಳಚಿ ಒಳಹೊಕ್ಕವನು ಬೃಂದಾವನದ ಮುಂದೆ ನಿಂತು ಯಾರೊಡನೆಯೋ ಮಾತನಾಡತೊಡಗಿದ. ಜೊತೆಯವರಿಗೆ ಕೇಳಿಸಿದ್ದು ಸಾಹೇಬನ ಮಾತು ಮಾತ್ರ. ಹೊರಬಂದು ಇನಾಮನ್ನು ಮಠಕ್ಕೇ ಉಳಿಸಿದ. ರಾಯರು ಕೊಟ್ಟ ಮಂತ್ರಾಕ್ಷತೆಯನ್ನು ತನ್ನ ಅಡಿಗೆಯ ಅಕ್ಕಿಯಲ್ಲಿ ಬೆರೆಸಲು ಹೇಳಿದನೆಂಬುದೂ ಉಂಟು. ಬಳ್ಳಾರಿ ಜಿಲ್ಲೆಯ ಹಳೆಯ ಗೆಜೆಟಿಯರಿನಲ್ಲಿಯೂ ಈ ಕಥೆಗೆ ಎಡೆ ದೊರಕಿದೆ.

ಇದು ನಡೆದದ್ದೇ ಎಂದು ಕೇಳುವವರು ಕೇಳಲಿ. ನನ್ನ ಕುತೂಹಲ ಬೇರೆ. ಕೋಟೆಗಳೆಲ್ಲ ಶರಣಾದ ಮೇಲೆ, ದೊರೆಯ ತಲೆಯ ಟೋಪಿ ಕೆಳಗಿಳಿಯುವ ಸ್ಥಳವೊಂದು ಸೋತ ಜನರಿಗೆ ಬೇಕಾಗಿದ್ದಿರಬೇಕು. ವಿಚಿತ್ರವೆಂದರೆ, ಅದೇ ಜನ ಆತನನ್ನು ಮೆಚ್ಚಿಯೂ ಇದ್ದರು. ಆ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟವರಿದ್ದರು. ತಿರುಮಲೆಯಲ್ಲಿ ನೈವೇದ್ಯದ ಪಾತ್ರೆಯೊಂದಕ್ಕೆ ಮನ್ರೋ ಗಂಗಾಳವೆಂದೇ ಹೆಸರು. ದೇವರೆದುರು ತಲೆಬಾಗಿದನೆಂದೇ ಅಲ್ಲವೆ, ಈ ಅಧಿಕಾರಿಗೆ ದೇವರ ಅಡಿಗೆಮನೆಯಲ್ಲಿ ಜಾಗ ಸಿಕ್ಕಿದ್ದು?

ಮದರಾಸಿನ ಗವರ್ನರನಾಗಿದ್ದಾಗಲೇ, 1827ರ ಜುಲೈ 6ರಂದು, ಪತ್ತಿಕೊಂಡದಲ್ಲಿ ಕಾಲರಾ ಆತನನ್ನು ಒಯ್ದಿತು. 1839ರಲ್ಲಿ ಮದರಾಸಿನಲ್ಲಿ, ಕುದುರೆಯೇರಿದ ಆತನ ಕಂಚಿನ ಪ್ರತಿಮೆ ನಿಂತಿತು. ಮಾಡಿದವನು ಚಾಂಟ್ರಿ ಎಂಬ ಹೆಸರಾಂತ ಶಿಲ್ಪಿ. ಅದನ್ನು ನಾನೂ ನೋಡಿದ್ದೇನೆ. ಸವಾರನ ಕಾಲಿಗೆ ರಿಕಾಪು ಇಲ್ಲವೆಂದು ಬೆರಳು ಮಾಡಿ ತೋರಿಸುವವರನ್ನು ಕಂಡೆನೇ ಹೊರತು, ಅದರ ಮುಂದೆ ಚಪ್ಪಲಿ ಬಿಟ್ಟವರನ್ನು ಕಾಣಲಿಲ್ಲ.

ರಾವೂರಿಗೆ ಮರಳಿ ಈ ಕಥೆಯನ್ನು ಅವ್ವನಿಗೆ ಹೇಳಿದೆ. ನಾನು ತಂದಿದ್ದ ಮಂತ್ರಾಕ್ಷತೆಯನ್ನು ಅಕ್ಕಿಯ ಡಬ್ಬಕ್ಕೆ ಹಾಕುತ್ತ ಆಕೆ ಕೇಳಿದಳು: “ಅಂವ ಕಲೆಕ್ಟರ್ ಅನ್ನೋದು ರಾಯರಿಗೆ ಗೊತ್ತಿತ್ತೇನೋ?”