ಕಾರು ಒಮ್ಮೆ ಸ್ಟಾರ್ಟ್ ಆಗುತ್ತೆ, ಒಮ್ಮೆ ಇಲ್ಲ – ಯಾಕೆ?

ಮಕ್ಕಳೇ, ಕೆಲವು ಕಾರು ಬೆಳಿಗ್ಗೆ ಸ್ಟಾರ್ಟ್ ಆಗುತ್ತೆ, ಮಧ್ಯಾಹ್ನ ‘ಟಕ್’ ಅಂದು ಸುಮ್ಮನಾಗುತ್ತೆ. ಲೈಟು ಮಾತ್ರ ಚೆನ್ನಾಗಿ ಉರಿಯುತ್ತೆ. ಹೊಸ ಬ್ಯಾಟರಿ ತರುವ ಮೊದಲು ಓಮ್ ನಿಯಮ ನೆನಪಿಸಿಕೊಳ್ಳಿ: ವೋಲ್ಟೇಜ್ = ಪ್ರವಾಹ × ರೋಧ.

ಬ್ಯಾಟರಿ ಟರ್ಮಿನಲ್‌ನಲ್ಲಿ ಬಿಳಿ ಪುಡಿ ಕಟ್ಟಿ 0.02 ಓಮ್ ರೋಧ ಬಂದಿದೆ ಎನ್ನೋಣ. ಲೈಟಿನ 10 ಆಂಪಿಯರ್‌ಗೆ ಅಲ್ಲಿ ನಷ್ಟ 0.2 ವೋಲ್ಟ್ ಅಷ್ಟೆ. ಸ್ಟಾರ್ಟರ್ ಮೋಟರಿನ 150 ಆಂಪಿಯರ್‌ಗೆ 3 ವೋಲ್ಟ್! 12ರಲ್ಲಿ 9 ಉಳಿದರೆ ಮೋಟರ್ ತಿಣುಕುತ್ತೆ. ಅದುರಾಟಕ್ಕೆ ಜೋಡಣೆ ಇನ್ನಷ್ಟು ಸಡಿಲವಾದರೆ ಬರೀ ‘ಟಕ್’.

ಪತ್ತೆ ಹೇಗೆ? ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿ ಟರ್ಮಿನಲ್‌ಗೆ, ಇನ್ನೊಂದು ಅದರ ಕ್ಲಾಂಪಿಗೆ. ಮೆಕ್ಯಾನಿಕ್ ಕೀ ತಿರುಗಿಸುವಾಗಲೇ ನೋಡಬೇಕು. ಪ್ರವಾಹ ಇಲ್ಲದಾಗ ಮೀಟರ್ ಸೊನ್ನೆ ತೋರಿಸಿ ನಮ್ಮನ್ನು ಏಮಾರಿಸುತ್ತೆ. ಅರ್ಧ ವೋಲ್ಟ್ ಕಂಡರೂ ದೋಷ ಅಲ್ಲೇ. ಉಜ್ಜಿ ಬಿಗಿ ಮಾಡಿದರೆ ಬ್ಯಾಟರಿಯ ದುಡ್ಡು ಉಳಿಯಿತು!